ಯಾರ ಮಗನಪ್ಪ ನೀನು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಯಾವ ಊರಿಗೆ ಹೊಸ ಹುಡುಗ ಬಂದರೂ ಜಗಲಿ ಮೇಲೆ ಕೂತವರು ಮೊದಲು ಕೇಳುವುದು, 'ಯಾರ ಮಗನಪ್ಪ ನೀನು?' ಅಂತ. ಅಕ್ಕರೆಯ ಪ್ರಶ್ನೆಯೇ. ಆದರೆ ಪೋಷಕತ್ವ ಯೋಜನೆಯಲ್ಲಿ ಬೇರೆಯವರ ಮನೆ ಸೇರಿದ ಮಗು ಯಾರ ಹೆಸರು ಹೇಳಬೇಕು? ಹೆತ್ತವರದೋ, ಸಾಕುತ್ತಿರುವವರದೋ?

ಪೋಷಕತ್ವವೆಂದರೆ ದತ್ತು ಅಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಒಂದು ಕುಟುಂಬದ ವಶಕ್ಕೆ ಕೊಡುತ್ತದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಹೆತ್ತವರ ಸ್ಥಿತಿ ಸುಧಾರಿಸಿದರೆ ಮಗು ಅವರಲ್ಲಿಗೇ ಮರಳಬಹುದು. ಬಾಲಮಂದಿರಗಳಿಂದ ಹೀಗೆ ಹೋಗುವವರು ಸಾಮಾನ್ಯವಾಗಿ ಆರು ವರ್ಷ ದಾಟಿದವರು, ಅಂದರೆ ನೆನಪು ಹೊತ್ತು ಬರುವವರು. ಹೊಸ ಮನೆಯಲ್ಲಿ ಊಟ, ಬಟ್ಟೆ, ಶಾಲೆ ಎಲ್ಲ ಸಿಗುತ್ತದೆ. 'ಅದೆಲ್ಲ ಮರೆತ್‌ಬಿಡು ಮಗ' ಎಂದು ಸಾಕುತಾಯಿ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಮಗುವೇನೂ ಮರೆಯುವುದಿಲ್ಲ, ಹೇಳುವುದನ್ನಷ್ಟೇ ನಿಲ್ಲಿಸುತ್ತದೆ.

ಇಲ್ಲಿ ಬೇಕಾಗುವುದು ಆ ಮನೆಯವರಲ್ಲದ, ಆದರೆ ತಪ್ಪದೆ ಬರುವ ಒಬ್ಬ ಅಣ್ಣ, ಒಬ್ಬ ಅಕ್ಕ. ಇಂಥವರನ್ನು ಮಾರ್ಗದರ್ಶಕರೆನ್ನುತ್ತಾರೆ, ಆದರೆ ಆ ಹೆಸರು ಕೇಳಿ ಬುದ್ಧಿ ಹೇಳಲು ಹೊರಡಬಾರದು. ಬುದ್ಧಿ ಹೇಳುವವರು ಈ ಮಕ್ಕಳಿಗೆ ಬೇಕಾದಷ್ಟು ಇದ್ದಾರೆ. ಕೇಳಿಸಿಕೊಳ್ಳುವುದೇ ಕೆಲಸ. ಎಚ್.ಡಿ. ಕೋಟೆಯ ಹಾಡಿಯಿಂದ ಬಂದ ಜೇನುಕುರುಬರ ಹುಡುಗಿ ತರಗತಿಯಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ ಅಂದುಕೊಳ್ಳಿ. ಅವಳನ್ನು ಒಂದು ಮರದ ಕೆಳಗೆ ನಿಲ್ಲಿಸಿ, 'ಇದಕ್ಕೆ ನಿಮ್ಮ ಮಾತಲ್ಲಿ ಏನಂತಾರೆ?' ಎಂದು ಕೇಳಿ ನೋಡಿ. ಆಗ ಕಲಿಸುವವಳು ಅವಳು, ಕಲಿಯುವವರು ನೀವು. ಆತ್ಮವಿಶ್ವಾಸ ಹುಟ್ಟುವುದು ಇಂಥ ಕಡೆ ಎಂಬುದು ನನ್ನ ನಂಬಿಕೆ. ಅವಳು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಅವಳ ಕೈಯಿಂದಲೇ ಬರೆಸಬಹುದು: ಹುಟ್ಟಿದ ಊರು, ಅಜ್ಜಿಯ ಹೆಸರು, ಬಿಟ್ಟು ಬಂದ ನಾಯಿ. ಮುಂದೆ ಮನೆ ಬದಲಾದರೂ ಆ ಪುಸ್ತಕ ಅವಳ ಜೊತೆಯಲ್ಲೇ ಹೋಗಲಿ. ಗುರುತು ಉಳಿಸಿಕೊಳ್ಳುವುದು ಮಗುವಿನ ಹಕ್ಕು ಎನ್ನುತ್ತದೆ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ. ಭಾರತ ಅದನ್ನು 1992ರಲ್ಲೇ ಒಪ್ಪಿದೆ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾರ್ಗದರ್ಶಕರೊಂದಿಗೆ ವರ್ಷ ದಾಟಿದ ಒಡನಾಟದಿಂದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಕಡಿದುಹೋದ ಕಡೆ ತಮ್ಮ ಬಗ್ಗೆ ಅವರಿಗಿದ್ದ ಗೌರವ ಮೊದಲಿಗಿಂತ ಕುಗ್ಗಿತ್ತು. ಈಗಾಗಲೇ ಒಮ್ಮೆ ಕೈಬಿಟ್ಟುಹೋದವರನ್ನು ಕಂಡ ಮಗುವಿಗೆ ಇನ್ನೊಮ್ಮೆ ಅದನ್ನೇ ಮಾಡಬಾರದು. ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಮನೆಮಂದಿಯೆಲ್ಲ ಹಗಲುರಾತ್ರಿ ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಮನೆ, ಕಾಯುತ್ತಾರೆ, ಮಗುವಿನ ಕಡೆ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಭಾನುವಾರ ಬರುತ್ತೇನೆಂದು ಮಾತು ಕೊಟ್ಟವರು ಆ ತಿಂಗಳುಗಳಲ್ಲಂತೂ ಒಂದು ವಾರವೂ ತಪ್ಪಿಸಬಾರದು.