ಸೀಟ್ ಬೆಲ್ಟಿನ ಬಕಲ್ ಮತ್ತು ರಿವಾಲ್ವರ್

ಸೈನ್ಯದಿಂದ ನಿವೃತ್ತನಾದ ಮೇಲೆ ಆರು ವರ್ಷ ಬೆಂಗಳೂರಿನಲ್ಲಿ ಒಬ್ಬ ಉದ್ಯಮಿಯ ಗನ್‌ಮ್ಯಾನ್ ಆಗಿದ್ದೆ. 'ಎಷ್ಟು ಸಲ ಹೊಡೆದಿದ್ದೀರಿ ಸಾರ್?' ಎಂದು ಎಲ್ಲರೂ ಕೇಳುವವರೇ. ಒಂದು ಸಲವೂ ಇಲ್ಲ. ಆರು ವರ್ಷವೂ ನನ್ನ ಜಗಳ ನಡೆದದ್ದು ನನ್ನದೇ ಬಲಸೊಂಟದ ಜತೆ.

ನನ್ನ .32 ರಿವಾಲ್ವರ್ ಮುಕ್ಕಾಲು ಕೆ.ಜಿ.ಯೂ ತೂಗದು. ಆದರೆ ಕಾರಿನ ಮುಂದಿನ ಸೀಟಿನಲ್ಲಿ, ಚಾಲಕನ ಎಡಕ್ಕೆ ಕೂತರೆ ಸೀಟ್ ಬೆಲ್ಟಿನ ಬಕಲ್ ಸರಿಯಾಗಿ ಬಲಸೊಂಟದಲ್ಲಿ ಅದು ಇರುವ ಜಾಗಕ್ಕೇ ಬರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಮೂಳೆ ನೋಯತೊಡಗುತ್ತದೆ. ಮೊದಲ ತಿಂಗಳು ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ: ತೆಗೆದು ತೊಡೆಯ ಪಕ್ಕ ಇಟ್ಟುಕೊಂಡೆ. ಒಂದು ದಿನ ಅಡ್ಡ ಬಂದ ಆಟೋಗೆ ಡ್ರೈವರ್ ಬ್ರೇಕ್ ಒತ್ತಿದ. ರಿವಾಲ್ವರ್ ಜಾರಿ ಅವನ ಕಾಲಬುಡಕ್ಕೆ ಹೋಯಿತು. ಕಾರು ನಿಲ್ಲಿಸಿ ಅವನು ಅಂದದ್ದು ಇಷ್ಟೇ: 'ಸಾರ್, ಇದನ್ನ ನೀವೇ ತಗೊಳ್ಳಿ, ನಾನು ಮುಟ್ಟಲ್ಲ.' ಇಪ್ಪತ್ತು ವರ್ಷ ಆಯುಧ ಹಿಡಿದವನಿಗೆ ಆ ಮಾತು ಸಾಕಾಯಿತು.

ಆದ್ದರಿಂದ ಆಯುಧ ಇಟ್ಟುಕೊಂಡವರು ಆರಾಮದ ಮಾತೆತ್ತಿದರೆ ನಗುವವರನ್ನು ಕಂಡರೆ ನನಗಾಗದು. ಚುಚ್ಚುವ ಆಯುಧ ಒಂದು ಕಡೆ ನಿಲ್ಲುವುದಿಲ್ಲ. ಸೀಟಿಗೆ, ಡ್ಯಾಶ್‌ಬೋರ್ಡಿಗೆ, ಬ್ಯಾಗಿಗೆ, ದಿಂಬಿನಡಿಗೆ ಓಡಾಡುತ್ತಲೇ ಇರುತ್ತದೆ. ಅನಾಹುತವಾಗುವುದು ಈ ತೆಗೆದಿಡುವ ಗಳಿಗೆಯಲ್ಲೇ. 2024ರ ಅಕ್ಟೋಬರ್ 1ರ ನಸುಕಿನಲ್ಲಿ ನಟ ಗೋವಿಂದ ಮುಂಬೈಯ ಮನೆಯಲ್ಲಿ ಕಾಲಿಗೆ ಗುಂಡು ತಗುಲಿಸಿಕೊಂಡದ್ದು ಯಾವ ಶತ್ರುವಿನಿಂದಲೂ ಅಲ್ಲ. ಲೈಸೆನ್ಸ್ ಇದ್ದ ಸ್ವಂತ ರಿವಾಲ್ವರ್ ಎತ್ತಿಡುವಾಗ ಕೈಜಾರಿತು ಎಂದೇ ಆಗ ವರದಿಯಾಯಿತು. ಹಳೆಯ ಮಾದರಿಯ ಕೆಲವು ರಿವಾಲ್ವರುಗಳು ಹ್ಯಾಮರ್ ಕೆಳಗಾಗಿ ಬಿದ್ದರೆ ಸಿಡಿದುಬಿಡಬಹುದು. ಹಿಂದಿನವರು ಆರು ಗುಂಡಿನ ರಿವಾಲ್ವರಿಗೆ ಐದೇ ತುಂಬಿ, ಹ್ಯಾಮರ್ ಎದುರಿನ ಗೂಡನ್ನು ಖಾಲಿ ಬಿಡುತ್ತಿದ್ದದ್ದು ಅದಕ್ಕೇ.

ಅಂಗಡಿಯಲ್ಲಿ ಸಿಗುವ ಮೆತ್ತನೆಯ ಬಟ್ಟೆಯ ಹೋಲ್‌ಸ್ಟರ್ ಮೈಗೆ ಹಿತ, ನಿಜ. ಆದರೆ ಆಯುಧ ತೆಗೆದ ಕೂಡಲೇ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಮತ್ತೆ ತುರುಕುವಾಗ ಅಂಚು ಮಡಚಿ ಟ್ರಿಗರಿಗೆ ಸಿಕ್ಕಬಹುದು. ನಾನು ಕೊನೆಗೆ ಒಬ್ಬ ಚಮ್ಮಾರರ ಹತ್ತಿರ ಟ್ರಿಗರ್ ಪೂರ್ತಿ ಮುಚ್ಚುವಂಥ ಗಟ್ಟಿ ಚರ್ಮದ್ದನ್ನು ಹೊಲಿಸಿಕೊಂಡೆ, ಜತೆಗೆ ಜೋಲದ ದಪ್ಪ ಬೆಲ್ಟು. ಭಾರ ಸೊಂಟದ ಸುತ್ತ ಹಂಚಿಹೋಯಿತು. ಬಕಲ್ ತಾಕದಷ್ಟು ಮುಂದಕ್ಕೆ ಸರಿಸಿದ ಮೇಲೆ ಕೈ ಅತ್ತ ಹೋಗುವುದೇ ನಿಂತಿತು. 

ಕೊಡಗಿನ ನಮ್ಮ ಮನೆಯಲ್ಲಿ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್‌ಪೂ (ಕೋವಿ ಹೂ) ಮುಡಿಸಿ ಪೂಜಿಸುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಕೊಡವರಿಗಿರುವ ಕೋವಿ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಬೇಲಿ ದಾಟುವ ಮುಂಚೆ ಕೋವಿ ಮಡಚಿ ಗುಂಡು ತೆಗೆಯಬೇಕೆಂದು ಅಪ್ಪ ಕಲಿಸಿದ್ದರು. ಆದರೆ ಅದು ಹೆಗಲ ಕೋವಿಯ ಪಾಠ. ಜೇಬಿನಳತೆಯ ರಿವಾಲ್ವರಿಗೆ ಬೇಲಿ ಎಂದರೆ ಕಾರಿನ ಬಾಗಿಲು, ಮದುವೆ ಮನೆಯ ಪಂಕ್ತಿ, ಶೌಚಾಲಯ. ಕೊನೆಯದಕ್ಕೆ ನಗಬೇಡಿ, ಫ್ಲಶ್ ಟ್ಯಾಂಕಿನ ಮೇಲಿಟ್ಟು ಮರೆತು ಬರುವವರಿದ್ದಾರೆ. ಹೋಲ್‌ಸ್ಟರಿನಿಂದ ತೆಗೆಯದೆ ಪ್ಯಾಂಟಿನ ಜತೆಗೇ ಕೆಳಗಿಳಿಸುವುದೇ ಸರಿಯಾದ ಕ್ರಮ.

2016ರ ಆಯುಧ ನಿಯಮಗಳು ಲೈಸೆನ್ಸ್ ಕೇಳುವವರಿಗೆ ಸುರಕ್ಷತಾ ತರಬೇತಿ ಕಡ್ಡಾಯ ಮಾಡಿವೆ. ಒಳ್ಳೆಯದೇ. ಅದರಲ್ಲಿ ಗುರಿಗಿಂತ ಹೆಚ್ಚು ಹೊತ್ತು ಕೂರುವುದನ್ನು, ಬಗ್ಗುವುದನ್ನು, ಗಾಡಿ ಓಡಿಸುವುದನ್ನು ಕಲಿಸಲಿ ಎಂಬುದು ನನ್ನ ಹಟ.

ಈಚೆಗೆ ತಂಗಿಯ ಮಗ ರಿವಾಲ್ವರ್ ಕೊಳ್ಳುತ್ತೇನೆಂದು ಹೊರಟ. 'ಮಾವ, ಯಾವುದು ಹಗುರ?' ಎಂದು ಕೇಳಿದ. ರಿವಾಲ್ವರಿನಷ್ಟೇ ತೂಕದ ಕಬ್ಬಿಣದ ತುಂಡೊಂದನ್ನು ನನ್ನ ಹಳೆಯ ಹೋಲ್‌ಸ್ಟರಿಗೆ ತುರುಕಿ ಕೊಟ್ಟೆ, ಒಂದು ವಾರ ಕಟ್ಟಿಕೊಂಡು ತೋಟ, ಪೇಟೆ ಎಲ್ಲ ಸುತ್ತು ಎಂದೆ. ನಾಲ್ಕನೇ ದಿನ ಗೋಣಿಕೊಪ್ಪದ ಹೋಟೆಲಿನವರು ಫೋನ್ ಮಾಡಿದರು: 'ನಿಮ್ಮ ಹುಡುಗ ಬೆಂಚಿನ ಮೇಲೆ ಏನೋ ಕಬ್ಬಿಣ ಬಿಟ್ಟು ಹೋಗಿದ್ದಾನೆ. ಮಕ್ಕಳು ಆಡ್ತಾ ಇದ್ದಾರೆ, ಬಂದು ತಗೊಂಡು ಹೋಗಿ.'