ಫುಟ್ಟಿಗೆ ತೊಂಬತ್ತು ಸರಿ, ಉಳಿದದ್ದು ಎಲ್ಲಿ ಬರೆದಿದೆ?

ಶಹಾಬಾದ ಫರಸಿ ಆಯಿತು, ತಾಂಡೂರು ಕಲ್ಲು ಆಯಿತು, ಮೊಸಾಯಿಕ್ ಆಯಿತು, ಆಮೇಲೆ ಟೈಲ್ಸ್ ಬಂತು. ರಾಯಚೂರು ಜಿಲ್ಲೆಯ ಮನೆಗಳ ನೆಲ ಹಾಕಿದ ವೇಷ ಒಂದೆರಡಲ್ಲ. ಈಗಿನ ವೇಷ ವಿನೈಲ್. ‘ಲಗ್ಜುರಿ ವಿನೈಲ್’ ಎಂಬ ದೊಡ್ಡ ಹೆಸರಿನ ಈ ಹಲಗೆ ತೇಗದ ಮರದಂತೆ ಕಾಣುತ್ತದೆ, ಚಳಿಗಾಲದಲ್ಲಿ ಕಾಲಿಗೆ ಕೊರೆಯುವುದಿಲ್ಲ, ನೀರು ಚೆಲ್ಲಿದರೆ ಒರೆಸಿದರಾಯಿತು, ಎರಡು ಕೋಣೆಯ ಕೆಲಸ ಎರಡು ದಿನದಲ್ಲಿ ಮುಗಿಯುತ್ತದೆ. ಇಷ್ಟೂ ನಿಜ. ಮಾಲಿನ ಮೇಲೆ ತಕರಾರಿಲ್ಲ. ತಕರಾರು ಇರುವುದು ಅದರ ಕೊಟೇಶನ್ ಕೇಳುವ ಮತ್ತು ಕೊಡುವ ರೀತಿಯ ಮೇಲೆ.

ಗಿರಾಕಿ ಮೂರು ಅಂಗಡಿ ಹತ್ತಿ ಇಳಿಯುತ್ತಾನೆ. ಮೂರರಲ್ಲೂ ಕೇಳುವುದು ಒಂದೇ ಮಾತು: “ಫುಟ್ಟಿಗೆ ಎಷ್ಟ್ರೀ?” ಒಬ್ಬರು 90 ಎನ್ನುತ್ತಾರೆ, ಇನ್ನೊಬ್ಬರು 120, ಮತ್ತೊಬ್ಬರು 155. “ಎಲ್ಲಾ ಸೇರಿ ಏನ್ರೀ?” ಎಂದರೆ ತೊಂಬತ್ತರವರು, “ಎಲ್ಲಾ ಸೇರೇ ಬಂತು ಅಣ್ಣಾರ, ನೀವು ಚಿಂತಿ ಬಿಡ್ರಿ” ಎನ್ನುತ್ತಾರೆ. ಬಯಾನ ಕೈ ಬದಲಾಗುತ್ತದೆ. ಆ ‘ಎಲ್ಲಾ’ ಎಂಬುದರಲ್ಲಿ ಏನೇನು ಸೇರಿದೆ ಎಂದು ಮಾರುವವರು ಬರೆದು ಕೊಡುವುದಿಲ್ಲ, ಕೊಳ್ಳುವವರು ಬರೆಸಿಕೊಳ್ಳುವುದಿಲ್ಲ. ಜಗಳದ ಬೀಜ ಬಿದ್ದದ್ದು ಅಲ್ಲಿಯೇ.

ಲೆಕ್ಕ ಬಿಡಿಸಿದರೆ

ಒಂದು ಮನೆಯ ಲೆಕ್ಕ ಹಿಡಿಯೋಣ. ದರಗಳು ಉದಾಹರಣೆಗಷ್ಟೆ, ನೋಡಬೇಕಾದದ್ದು ಲೆಕ್ಕದ ರೀತಿ. 15ಕ್ಕೆ 12ರ ಪಡಸಾಲೆ, 12ಕ್ಕೆ 10ರ ಕೋಣೆ, ಒಟ್ಟು 300 ಚದರ ಅಡಿ. ತೊಂಬತ್ತರಂತೆ 27,000 ರೂಪಾಯಿ ಎಂದು ಮನೆಯವರು ಮನಸ್ಸಿನಲ್ಲಿ ಬರೆದುಕೊಂಡಿರುತ್ತಾರೆ. ಆದರೆ ಹಲಗೆ ಕತ್ತರಿಸುವಾಗ ತುಂಡು ವ್ಯರ್ಥವಾಗುತ್ತದೆ. ನೂರಕ್ಕೆ ಹತ್ತು ಹೆಚ್ಚು ಹಿಡಿದರೆ ಮಾಲು 330 ಅಡಿ, ಅದಕ್ಕೆ 29,700. ಅದರ ಮೇಲೆ ಜಿಎಸ್‌ಟಿ 18ರಂತೆ 5,346. ಹಾಕುವ ಕೂಲಿ ಅಡಿಗೆ 20ರಂತೆ 6,000. ಬಾಗಿಲ ಜಾಗ ಬಿಟ್ಟು ಗೋಡೆಯಂಚಿನ ಸ್ಕರ್ಟಿಂಗ್ 92 ಅಡಿ, ಅಡಿಗೆ 40ರಂತೆ 3,680. ಹಳೆಯ ನೆಲದ ತಗ್ಗುದಿಣ್ಣೆ ಸಮ ಮಾಡಲು 5,000. ಗಾಡಿ ಬಾಡಿಗೆ 1,500. ಕೂಡಿಸಿದರೆ 51,226 ರೂಪಾಯಿ! ತೊಂಬತ್ತರ ನೆಲ ಅಡಿಗೆ ನೂರಾ ಎಪ್ಪತ್ತು ದಾಟಿತು. ಇದೆಲ್ಲವನ್ನೂ ಸೇರಿಸಿಯೇ 155 ಎಂದು ಹೇಳಿದವರ ಲೆಕ್ಕ 46,500ಕ್ಕೆ ನಿಲ್ಲುತ್ತಿತ್ತು. ಆದರೆ ಗಿರಾಕಿ ಅವರನ್ನು ‘ಭಾಳ ತುಟ್ಟಿ’ ಎಂದು ಬಿಟ್ಟು ಬಂದಾಗಿದೆ.

ಇಲ್ಲಿ ಸೋತವರು ಇಬ್ಬರು. ಒಬ್ಬರು ಮನೆಯವರು. ಇನ್ನೊಬ್ಬರು ಮೊದಲ ದಿನವೇ ಪೂರ್ತಿ ಲೆಕ್ಕ ಹೇಳಿದ ವರ್ತಕರು. ಬಿಟ್ಟು ಹೇಳಿದವರಿಗೆ ವ್ಯಾಪಾರ, ಬಿಚ್ಚಿ ಹೇಳಿದವರಿಗೆ ಖಾಲಿ ಗಲ್ಲಾ ಎಂದಾದರೆ ನಾಳೆಯಿಂದ ಬಿಚ್ಚಿ ಹೇಳುವವರಾದರೂ ಯಾರು? ಪೇಟೆಯ ನಡವಳಿಕೆಯನ್ನು ಕೆಡಿಸುವುದರಲ್ಲಿ ‘ಫುಟ್ಟಿಗೆ ಎಷ್ಟು’ ಎಂಬ ಗಿರಾಕಿಯ ಪ್ರಶ್ನೆಗೂ ಅರ್ಧ ಪಾಲಿದೆ.

ಮರ್ಮ ಇರುವುದು ಕೆಳಗೆ

ರಾಯಚೂರಿನವರಿಗೆ ಈ ಪಾಠ ಹೊಸದಾಗಬಾರದು. 1294ನೇ ಇಸವಿಯ ಶಾಸನವಿರುವ ಕೋಟೆಯ ಹಳೆಯ ಗೋಡೆಯಲ್ಲಿ ದೊಡ್ಡ ದೊಡ್ಡ ಕಲ್ಲುಗಳು ಗಾರೆಯಿಲ್ಲದೆ ಒಂದರ ಮೇಲೊಂದು ಕೂತಿವೆ. ಕೆಳಗಿನ ಸಾಲು ಸಮ ಇದ್ದದ್ದಕ್ಕೆ ಮೇಲಿನ ಸಾಲು ನಿಂತಿತು. ವಿನೈಲಿನ ಕಥೆಯೂ ಅಷ್ಟೇ. ‘ಎಸ್‌ಪಿಸಿ’ ಎಂದು ಮಾರುವ ಗಟ್ಟಿ ಹಲಗೆಯ ಹೊಟ್ಟೆಯಲ್ಲಿ ಇರುವುದು ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ. ಶಹಾಬಾದ ಫರಸಿಯೂ ಸುಣ್ಣಕಲ್ಲೇ. ವ್ಯತ್ಯಾಸ ಇಷ್ಟೇ: ಫರಸಿಯನ್ನು ಗೌಂಡಿ ಗಚ್ಚು ಹಾಕಿ ಕೂಡಿಸುವಾಗ ನೆಲದ ತಗ್ಗುದಿಣ್ಣೆ ಗಚ್ಚಿನೊಳಗೆ ಮುಚ್ಚಿಹೋಗುತ್ತದೆ. ನಾಲ್ಕೈದು ಮಿಲಿಮೀಟರ್ ದಪ್ಪದ ವಿನೈಲಿಗೆ ಆ ಸೌಕರ್ಯವಿಲ್ಲ. ಕೆಳಗಿನ ನೆಲ ಹೇಗಿದೆಯೋ ಹಾಗೆಯೇ ಅದು ಕೂಡುತ್ತದೆ. ಆರೂವರೆ ಅಡಿಯ ನೇರ ಪಟ್ಟಿ ಇಟ್ಟರೆ ಅಡಿಯಲ್ಲಿ ಮೂರು ಮಿಲಿಮೀಟರಿಗಿಂತ, ಅಂದರೆ ಎರಡು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟಕ್ಕಿಂತ ಹೆಚ್ಚು ಸಂದು ಕಾಣಬಾರದು ಎಂಬುದು ತಯಾರಕರು ಸಾಮಾನ್ಯವಾಗಿ ಹಾಕುವ ಷರತ್ತು. ಹೆಚ್ಚಿದ್ದರೆ ನಡೆದಾಡುವಾಗ ಹಲಗೆ ಕುಣಿಯುತ್ತದೆ, ವರ್ಷದೊಳಗೆ ಕೂಡಿನ ಕೊಂಡಿ ಮುರಿಯುತ್ತದೆ. ಹಳೆಯ ಫರಸಿಯ ಮೇಲೆ ತೆಳ್ಳನೆಯ ಅಂಟಿಸುವ ಜಾತಿಯನ್ನು ಹಾಗೆಯೇ ಹಚ್ಚಿದರೆ ಫರಸಿಯ ಸಂದುಗಳ ಗೆರೆ ಮೇಲೆ ಮೂಡುತ್ತವೆ.

ಎರಡನೆಯದು ತೇವ. ಮೇಲಿನ ನೀರಿಗೆ ಅಂಜದ ವಿನೈಲ್ ಕೆಳಗಿನ ತೇವಕ್ಕೆ ಅಂಜುತ್ತದೆ. ಅಂಟು ಬಿಡುತ್ತದೆ, ಅಡಿಯಲ್ಲಿ ಬೂಷ್ಟು ಹಿಡಿದು ವಾಸನೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿ ಕಡೆಯ ಊರುಗಳಲ್ಲಿ, ನಾರಾಯಣಪುರ ಬಲದಂಡೆ ಕಾಲುವೆ ಬಂದ ದೇವದುರ್ಗದ ಕಡೆ, ಗದ್ದೆಯ ಮಗ್ಗುಲಲ್ಲೇ ಎದ್ದ ಮನೆಗಳಿವೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಏಳುತ್ತಿದ್ದರೆ ಅದು ನೆಲವೇ ಕೊಟ್ಟ ನೋಟೀಸು. ಪರೀಕ್ಷೆಗೆ ಖರ್ಚಿಲ್ಲ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಬೇಕು. ಎತ್ತಿದಾಗ ಒಳಗೆ ಬೆವರು ಕಂಡರೆ ಕೆಲಸ ಮುಂದಕ್ಕೆ ಹಾಕಬೇಕು. ಬೆವರು ಕಾಣದಿದ್ದರೂ ಹೊಸ ಕಾಂಕ್ರೀಟಿಗೆ ತಿಂಗಳಾದರೂ ಒಣಗಲು ಬಿಡದೆ ಕೈ ಹಾಕಬಾರದು. ಇನ್ನು ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಿರುಕು ಬಿಟ್ಟ ನೆಲವನ್ನು ಮೊದಲು ರಿಪೇರಿ ಮಾಡಿಸಬೇಕು. ವಿನೈಲ್ ಬಿರುಕನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ.

ಆದ್ದರಿಂದ ಕೊಟೇಶನ್ ಅಳೆಯುವ ಮೊದಲ ಕೋಲು ದರವಲ್ಲ. ಮನೆಗೆ ಬಂದು ನೆಲ ನೋಡಿದರೋ ಇಲ್ಲವೋ ಎಂಬುದು. ಅಂಗಡಿಯಲ್ಲಿ ಕೂತು ಫೋನಿನಲ್ಲಿ ದರ ಹೇಳುವವರು ಮಾಲಿನ ದರ ಹೇಳಬಲ್ಲರು, ಕೆಲಸದ ದರ ಹೇಳಲಾರರು.

ಚೀಟಿಯಲ್ಲಿ ಇರಬೇಕಾದದ್ದು

ಹಲಗೆಯ ಒಟ್ಟು ದಪ್ಪ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಸವೆತ ತಡೆಯುವುದು ಮೇಲಿನ ಪಾರದರ್ಶಕ ಪದರು. ಅದು 0.3 ಮಿಲಿಮೀಟರೋ 0.5 ಮಿಲಿಮೀಟರೋ ಎಂಬುದೇ ಆಯುಷ್ಯದ ಪ್ರಶ್ನೆ, ದರದ ವ್ಯತ್ಯಾಸವೂ ಬಹುಪಾಲು ಅಲ್ಲಿಂದ ಬರುತ್ತದೆ. ಅದು ಚೀಟಿಯಲ್ಲಿ ಬರೆದಿರಬೇಕು. ಕಂಪನಿಯ ಹೆಸರು, ಮಾಲಿನ ನಂಬರು, ಕೊಂಡಿ ಕೂಡಿಸುವ ಜಾತಿಯೋ ಅಂಟಿಸುವ ಜಾತಿಯೋ ಎಂಬುದು, ಪೆಟ್ಟಿಗೆಗಳ ಲೆಕ್ಕ, ಉಳಿದ ಪೆಟ್ಟಿಗೆ ಯಾರದು ಎಂಬುದು, ಇವೂ ಬೇಕು. ಮುಂದೆ ಬದಲಿಸಲು ಹೋದರೆ ಅದೇ ಬಣ್ಣ ಸಿಕ್ಕೀತೆಂಬ ಖಾತ್ರಿಯಿಲ್ಲ. ಆದ್ದರಿಂದ ಒಂದು ಪೆಟ್ಟಿಗೆ ಮನೆಯಲ್ಲೇ ಇರುವುದು ಲೇಸು. ಬಾಗಿಲು ಕೆಳಗೆ ತಾಗಿದರೆ ಕೊಯ್ದು ಕೊಡುವವರು ಯಾರು, ಕಪಾಟು ಮಂಚ ಸರಿಸುವವರು ಯಾರು? ಸಣ್ಣ ಮಾತುಗಳೇ, ಆದರೆ ದೊಡ್ಡ ದನಿ ಏಳುವುದು ಇವುಗಳ ಮೇಲೆಯೇ. ಗೋಡೆಯ ಸುತ್ತ ಆರೆಂಟು ಮಿಲಿಮೀಟರ್ ಸಂದು ಬಿಡುತ್ತೇವೆ ಎಂದೂ ಬರೆಸಬೇಕು. ನಾಲ್ವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಸಂದಿಲ್ಲದೆ ಕೂಡಿಸಿದ ಕೊಂಡಿ ಹಲಗೆ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬಿ ನಿಲ್ಲುತ್ತದೆ.

“ಇಪ್ಪತ್ತು ವರ್ಷ ಗ್ಯಾರಂಟಿ ಅದರೀ” ಎಂಬ ಮಾತಿಗೆ ಮರುಳಾಗುವವರು ಹೆಚ್ಚು. ಅದು ಸಾಮಾನ್ಯವಾಗಿ ಕಂಪನಿ ತನ್ನ ಮಾಲಿಗೆ ಕೊಟ್ಟದ್ದು. ಹಾಕಿದ ಕೈಗೂ ಕೆಳಗಿನ ತೇವಕ್ಕೂ ಅದು ಹೊಣೆಯಲ್ಲ. ಹಾಕಿದ ಕೆಲಸಕ್ಕೆ ಅಂಗಡಿಯವರು ಎಷ್ಟು ತಿಂಗಳ ಜವಾಬ್ದಾರಿ ಹೊರುತ್ತಾರೆ ಎಂಬುದು ಬೇರೆ ಸಾಲಿನಲ್ಲಿ ಬರಬೇಕು. ದೇವದುರ್ಗದವರಿಗೆ, ಮಾನ್ವಿಯವರಿಗೆ ಇದು ಇನ್ನೂ ಮುಖ್ಯ. ಹಲಗೆ ಎದ್ದರೆ ಫಿಟ್ಟರ್ ರಾಯಚೂರಿನಿಂದ ಬರುವ ಖರ್ಚು ಯಾರದು ಎಂದು ಬರೆದಿರದಿದ್ದರೆ, ಕಿತ್ತ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಅಲೆಯುವ ಪಾಳಿ ಗಿರಾಕಿಯದು. ಪೂರ್ತಿ ಹಣ ಮೊದಲೇ ಕೊಟ್ಟವರ ಮಾತಿಗೆ ಆಗ ತೂಕವೂ ಇರುವುದಿಲ್ಲ. ಮಾಲಿಗೆ ಮಾಲು ಬಂದಾಗ, ಕೂಲಿಗೆ ಕೆಲಸ ನಡೆದಂತೆ, ಕೊನೆಯ ಕಂತು ನಡೆದಾಡಿ ನೋಡಿದ ಮೇಲೆ, ಇದು ಇಬ್ಬರಿಗೂ ನ್ಯಾಯ.

ಬೇಡ ಎನ್ನುವ ಅಂಗಡಿ

ಸುಗ್ಗಿಯಲ್ಲಿ ಭತ್ತದ ಚೀಲ ಪಡಸಾಲೆಯಲ್ಲೇ ಒಟ್ಟುವ, ಕಬ್ಬಿಣದ ಮಂಚ ದರದರ ಎಳೆಯುವ ಮನೆಗೆ ವಿನೈಲ್ ಸಲ್ಲದು. ಅಲ್ಲಿ ಫರಸಿಯೇ ದೊರೆ. ಸವೆದರೆ ಪಾಲಿಶ್ ಮಾಡಿಸಬಹುದು. ಮಹಡಿಯ ಮೇಲಿನ ಒಣ ಕೋಣೆಗೆ, ಮಂಡಿ ನೋವಿನ ಹಿರಿಯರಿರುವ ಮನೆಗೆ, ಹಳೆಯ ಟೈಲ್ಸ್ ಒಡೆದು ಧೂಳೆಬ್ಬಿಸಲು ಮನಸ್ಸಿಲ್ಲದವರಿಗೆ ವಿನೈಲ್ ಒಳ್ಳೆಯದೇ. ಈ ಭೇದವನ್ನು ಬಾಯಿಬಿಟ್ಟು ಹೇಳಿ, “ಕೆಳಗಿನ ಮನಿಗೆ ಬ್ಯಾಡ್ರಿ, ಮ್ಯಾಲಿನ ಕ್ವಾಣಿಗಷ್ಟ ಹಾಕ್ಸ್ರಿ” ಎನ್ನುವ ವರ್ತಕರು ಅರ್ಧ ವ್ಯಾಪಾರ ಕಳೆದುಕೊಂಡಂತೆ ಕಂಡಾರು. ಆದರೆ ಕೊಟೇಶನ್ ನಂಬಬೇಕಾದದ್ದು ಅವರದ್ದೇ.

ಕೆಲಸ ಕೆಟ್ಟರೆ ದಾರಿ ಇಲ್ಲದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. 1915ಕ್ಕೆ ಫೋನು ಮಾಡಿಯೂ ಸಲಹೆ ಕೇಳಬಹುದು. ಆದರೆ ಆಯೋಗದ ಮುಂದೆ ಮೊದಲು ಕೇಳುವುದು ಬಿಲ್ಲು ಮತ್ತು ಬರವಣಿಗೆ. ‘ಎಲ್ಲಾ ಸೇರಿ’ ಎಂಬ ಬಾಯಿಮಾತಿಗೆ ಅಲ್ಲಿ ಸಾಕ್ಷಿ ಹೇಳುವವರು ಯಾರು?

ನಗರದ ವರ್ತಕ ಬಾಂಧವರು ಮನಸ್ಸು ಮಾಡಿದರೆ ಇದು ಒಂದು ಹಾಳೆಯ ಕೆಲಸ. ಮಾಲು, ವ್ಯರ್ಥ, ತೆರಿಗೆ, ನೆಲ ಸಮ ಮಾಡುವುದು, ಕೂಲಿ, ಸ್ಕರ್ಟಿಂಗ್, ಗಾಡಿ, ಜವಾಬ್ದಾರಿ, ಹೀಗೆ ಎಂಟು ಸಾಲಿನ ಕನ್ನಡದ ಚೀಟಿಯನ್ನು ಎಲ್ಲ ಅಂಗಡಿಯವರೂ ಒಂದೇ ನಮೂನೆಯಲ್ಲಿ ಅಚ್ಚು ಹಾಕಿಸಲಿ. ಆಗ ಮಾನ್ವಿಯ ರೈತರಾಗಲಿ ದೇವದುರ್ಗದ ಮಾಸ್ತರರಾಗಲಿ ಮೂರು ಚೀಟಿ ಪಕ್ಕಪಕ್ಕದಲ್ಲಿ ಇಟ್ಟು ಸಾಲಿಗೆ ಸಾಲು ಹೋಲಿಸಬಲ್ಲರು. ಅಲ್ಲಿಯವರೆಗೆ, ಎಂಟು ಸಾಲು ತುಂಬಿ ಸಹಿ ಹಾಕದವರಿಗೆ ಬಯಾನ ಇಲ್ಲ ಎಂದು ಗಿರಾಕಿಗಳೇ ಗಟ್ಟಿ ಮನಸ್ಸು ಮಾಡಬೇಕು.