ರಬ್ಬರ್ ಮೀನಿಗೆ ಕೊಕ್ಕೆ ನೆಟ್ಟಗಿರಲಿ

ಗಾಳದ ಹುಚ್ಚಿರುವ ನಾಲ್ಕು ಜನ ಸೇರಿದರೆ ಮಾತು ಹೋಗೋದು ಬಣ್ಣದ ಕಡೆಗೇ. ಹಸಿರು ತರೋದಾ, ಹೊಳೆಯೋ ಬಿಳಿ ತರೋದಾ, ಬಾಲಕ್ಕೆ ಕೇಸರಿ ಚುಕ್ಕೆ ಬೇಕಾ ಬೇಡವಾ. ಆನ್‌ಲೈನಿನಲ್ಲಿ ಪ್ಯಾಕೆಟ್‌ಗಟ್ಟಲೆ ಸಾಫ್ಟ್ ಪ್ಲಾಸ್ಟಿಕ್ ಮೀನು, ಹುಳು, ಕಪ್ಪೆ ತರಿಸುತ್ತಾರೆ. ಅವನ್ನು ಕೊಕ್ಕೆಗೆ ಏರಿಸೋಕೆ ಮಾತ್ರ ಹತ್ತು ಸೆಕೆಂಡು! ನಾವು ಹೇಳೋದು ಇದಕ್ಕೆ ಉಲ್ಟಾ. ದೋಣಿಯ ಹಿಂದೆ ದಾರ ಬಿಟ್ಟು ಎಳೆದುಕೊಂಡು ಹೋಗುವ ಟ್ರೋಲಿಂಗ್‌ನಲ್ಲಿ ಬಣ್ಣದ ಪಾಲು ಸಣ್ಣದು, ಕೊಕ್ಕೆ ಏರಿಸುವ ರೀತಿಯ ಪಾಲು ದೊಡ್ಡದು. ಮೀನು ಕಚ್ಚುತ್ತದೋ ಇಲ್ಲವೋ ಅನ್ನೋದರ ಜೊತೆಗೆ, ಆ ಪ್ಲಾಸ್ಟಿಕ್ ವಾಪಸ್ ಕೈಗೆ ಬರುತ್ತದೋ ನೀರಲ್ಲೇ ಉಳಿಯುತ್ತದೋ ಅನ್ನೋದೂ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ದಡದಿಂದ ಎಸೆಯುವವನು ರಾಡ್ ಅಲ್ಲಾಡಿಸಿ ಕುಂದು ಮುಚ್ಚಬಹುದು. ಟ್ರೋಲಿಂಗ್‌ನಲ್ಲಿ ಅದೇ ರಬ್ಬರ್ ಮೀನು ಅರ್ಧ ಗಂಟೆ ಒಂದೇ ಸಮನೆ ನೀರು ಸೀಳಿಕೊಂಡು ಬರಬೇಕು. ಕೊಕ್ಕೆ ಎರಡು ಮಿಲಿಮೀಟರ್ ಪಕ್ಕಕ್ಕೆ ಹೊರಬಂದಿದ್ದರೂ ಮೈ ಡೊಂಕಾಗುತ್ತದೆ. ಡೊಂಕು ಮೈ ಫ್ಯಾನಿನ ರೆಕ್ಕೆಯ ಹಾಗೆ ತಿರುಗುತ್ತದೆ, ದಾರ ಹುರಿಗೊಂಡು ಕೊನೆಗೆ ಗಂಟಿನ ರಾಶಿ. ತಿರುಗೋ ಮೀನನ್ನು ಯಾವ ಮೀನು ತಾನೇ ನಂಬೀತು?

ಮಾಡಬೇಕಾದ್ದು ಇಷ್ಟೇ. ಜಿಗ್ ಹೆಡ್ ಅಂದರೆ ಸೀಸದ ತಲೆ ಇರುವ ಕೊಕ್ಕೆ. ಅದನ್ನು ಮೊದಲು ರಬ್ಬರ್ ಮೀನಿನ ಪಕ್ಕದಲ್ಲಿ ಇಟ್ಟು, ಬಾಗು ಎಲ್ಲಿಗೆ ಬರುತ್ತದೆ ಅಂತ ಉಗುರಿನಿಂದ ಗುರುತು ಮಾಡಿಕೊಳ್ಳಿ. ಮೂತಿಯ ನಟ್ಟನಡುವೆ ಚುಚ್ಚಿ, ಬೆನ್ನಿನ ಮಧ್ಯದ ಗೆರೆಯಲ್ಲಿ ಗುರುತಿದ್ದ ಕಡೆಯೇ ಹೊರತೆಗೆಯಿರಿ. ಅಚ್ಚಿನಲ್ಲಿ ಎರಕ ಹೊಯ್ದಾಗ ಉಳಿದ ಗೆರೆ ಕಾಣಿಸಿದರೆ ಅದೇ ಸ್ಕೇಲು. ಕತ್ತಿನ ಹತ್ತಿರ ಒಂದು ತೊಟ್ಟು ಸೂಪರ್ ಗ್ಲೂ ಹಾಕಿದರೆ ಜಾರುವುದಿಲ್ಲ. ಲ್ಯೂರ್‌ಗಿಂತ ಎರಡು ಮೂರು ಅಡಿ ಮುಂದೆ ಒಂದು ಸ್ವಿವೆಲ್ ಇರಲಿ. ಆಮೇಲೆ ದಾರ ಬಿಡೋ ಮುಂಚೆ ದೋಣಿಯ ಪಕ್ಕದಲ್ಲೇ ಎರಡು ಮೀಟರ್ ಎಳೆದು ನೋಡಿ. ಬೆನ್ನು ಮೇಲಿದ್ದು ಬಾಲ ಮಾತ್ರ ಬಡಿದರೆ ಸರಿ. ವಾಲಿದರೆ ಬಿಚ್ಚಿ ಮತ್ತೆ ಏರಿಸಿ. ಈ ಒಂದು ನಿಮಿಷಕ್ಕೆ ಸೋಮಾರಿತನ ಮಾಡುವವರೇ ಆಮೇಲೆ ಬಣ್ಣ ಬದಲಾಯಿಸುತ್ತಾ ಕೂರುವುದು.

ವೇಗ ಗಂಟೆಗೆ ಎರಡು ಮೂರು ಕಿಲೋಮೀಟರ್, ಅಂದರೆ ಹರಟುತ್ತಾ ನಡೆಯುವವರ ವೇಗ ಸಾಕು. ಇಲ್ಲಿ ಫ್ಲುಯಿಡ್ ಮೆಕ್ಯಾನಿಕ್ಸ್ ಪುಕ್ಕಟೆ ಪಾಠ ಹೇಳುತ್ತದೆ. ವೇಗ ಹೆಚ್ಚಾದರೆ ದಾರದ ಮೇಲಿನ ಎಳೆತ ಹೆಚ್ಚಿ ಲ್ಯೂರ್ ಮೇಲೇಳುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ದೋಣಿ ತಿರುಗಿದಾಗ ಒಳಬದಿಯ ದಾರ ನಿಧಾನವಾಗಿ ಕೆಳಗೆ ಹೋಗುತ್ತದೆ, ಹೊರಬದಿಯದು ಜೋರಾಗಿ ಮೇಲೆ ಬರುತ್ತದೆ. ತಿರುವಿನಲ್ಲಿ ಯಾವ ಕಡೆ ಕಚ್ಚಿತು ನೋಡಿಕೊಳ್ಳಿ, ಮೀನಿಗೆ ಆ ಹೊತ್ತು ಯಾವ ಆಳ, ಯಾವ ವೇಗ ಬೇಕು ಅಂತ ಅದೇ ಹೇಳುತ್ತದೆ.

ಇನ್ನು ಕಳೆದುಹೋಗುವ ವಿಷಯ. ನಮಗೆ ಮುಖ್ಯ ಅನ್ನಿಸೋದು ಇದೇ. 1949ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಪ್ಲಾಸ್ಟಿಕ್ ಎರೆಹುಳು ಮಾಡಿದಾಗಿನಿಂದ ಇವತ್ತಿನವರೆಗೂ ಈ ಲ್ಯೂರ್‌ಗಳಲ್ಲಿ ಹೆಚ್ಚಿನವು ಮೆತ್ತಗಾಗಿಸಿದ ಪಿವಿಸಿ. ಮೆತ್ತಗೆ ಮಾಡುವ ಪ್ಲಾಸ್ಟಿಸೈಜರ್ ಪಿವಿಸಿಗೆ ರಾಸಾಯನಿಕವಾಗಿ ಅಂಟಿರುವುದಿಲ್ಲ, ಮೆಲ್ಲಗೆ ಹೊರಬರುತ್ತದೆ. ನಂಬದಿದ್ದರೆ ಗಟ್ಟಿ ಪಾಲಿಸ್ಟೈರೀನ್ ಡಬ್ಬಿಯಲ್ಲಿ ಕೆಲವು ವಾರ ಇಟ್ಟು ನೋಡಿ, ಡಬ್ಬಿಯೇ ಕರಗಿ ಅಂಟಾಗುತ್ತದೆ. ಮೇನ್ ರಾಜ್ಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ರೂಕ್ ಟ್ರೌಟ್ ಮೀನುಗಳು ಬಿದ್ದ ಸಾಫ್ಟ್ ಪ್ಲಾಸ್ಟಿಕ್ಕನ್ನು ತಾವಾಗಿಯೇ ನುಂಗಿದವು, ಅವುಗಳ ಬೆಳವಣಿಗೆ ಕುಂಠಿತವಾಯಿತು. ಅದೇ ರಾಜ್ಯದ ಶಾಸನಸಭೆಗೆ 2013ರಲ್ಲಿ ಇಂಥ ಲ್ಯೂರ್ ನಿಷೇಧಿಸುವ ಮಸೂದೆಯೂ ಬಂತು. ನಿಷೇಧ ಆಗಲಿಲ್ಲ. ನಮಗೂ ನಿಷೇಧ ಬೇಕಿಲ್ಲ, ಆದರೆ ಬೇಡ ಅನ್ನುವವರು ಕೈಯಲ್ಲಾಗುವ ಕೆಲಸ ಮಾಡಿ ತೋರಿಸಬೇಕಲ್ವಾ?

ಶರಾವತಿ ಹಿನ್ನೀರನ್ನೇ ತಗೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಮರಗಳ ಬೊಡ್ಡೆಗಳು ನೀರು ಇಳಿದಾಗ ಈಗಲೂ ತಲೆ ಎತ್ತುತ್ತವೆ. ಅಂಥ ಕಡೆ ತೆರೆದ ಕೊಕ್ಕೆ ಎಳೆಯುವುದು ಅಂದರೆ ಪ್ಲಾಸ್ಟಿಕ್ ದಾನ ಮಾಡಿದ ಹಾಗೆ. ಅಲ್ಲಿ ಟೆಕ್ಸಸ್ ರಿಗ್ ಕಟ್ಟಬೇಕು. ಮೂತಿಯಲ್ಲಿ ಅರ್ಧ ಸೆಂಟಿಮೀಟರ್ ಚುಚ್ಚಿ ಹೊರತೆಗೆದು, ಕೊಕ್ಕೆ ತಿರುಗಿಸಿ, ಮೊನೆಯನ್ನು ಮತ್ತೆ ಮೈಯೊಳಗೇ ಅಡಗಿಸುವುದು. ತೆರೆದ ಜಾಗದಲ್ಲಿ ಜಿಗ್ ಹೆಡ್ಡೇ ಇರಲಿ, ಆದರೆ ತೆಳು ತಂತಿಯ ಕೊಕ್ಕೆ, ಗಟ್ಟಿ ಬ್ರೇಡ್ ದಾರ. ಸಿಕ್ಕಿಕೊಂಡಾಗ ಯಾವುದು ಮೊದಲು ಸೋಲಬೇಕು ಅಂತ ಡಿಸೈನ್ ಮಾಡುವವರು ನಾವೇ ತಾನೇ? ದಾರ ಹರಿದರೆ ಲ್ಯೂರ್ ಹೋಯಿತು. ಕೊಕ್ಕೆ ನೆಟ್ಟಗಾದರೆ ಲ್ಯೂರ್ ವಾಪಸ್ ಬಂತು, ಇಕ್ಕಳದಲ್ಲಿ ಮತ್ತೆ ಬಗ್ಗಿಸಿದರಾಯಿತು. ಮಷಿನ್ ಡಿಸೈನ್ ಕ್ಲಾಸಿನಲ್ಲಿ ಶಿಯರ್ ಪಿನ್ ಬಗ್ಗೆ ಬರೆದು ಮಾರ್ಕ್ಸ್ ತಗೊಂಡವರು ಇಷ್ಟು ಮಾಡದಿದ್ದರೆ ಹೇಗೆ?

ಇದಕ್ಕೆ ಒಂದು ತಕರಾರು ಕೇಳಿಬರುತ್ತದೆ: ದೊಡ್ಡ ಮೀನು ಬಿದ್ದರೆ ತೆಳು ಕೊಕ್ಕೆ ಬಿಚ್ಚಿಕೊಳ್ಳುತ್ತದಲ್ಲ? ಬಿಚ್ಚಿಕೊಳ್ಳಲಿ ಬಿಡಿ. ಮುರೆಲ್‌ಗೆ ಅಷ್ಟು ಸಾಕು. ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿನ ಕೆಂಪು ಪಟ್ಟಿಯಲ್ಲಿದೆ, ಅದನ್ನು ಹುಡುಕಿಕೊಂಡು ಹೋಗುವ ಕೆಲಸ ಯಾರಿಗೂ ಬೇಡ. ಜಲಾಶಯವಾಗಲಿ ಗುತ್ತಿಗೆಗೆ ಕೊಟ್ಟ ಕೆರೆಯಾಗಲಿ, ಗಾಳ ಹಾಕೋ ಮುಂಚೆ ಕೇಳಿ. ಅಲ್ಲಿನ ಮೀನಿನ ಮೇಲೆ ಬದುಕುವ ಮನೆಗಳಿವೆ.

ಹರಿದ ಮೂತಿ, ಕಿತ್ತ ಬಾಲ ಎಲ್ಲ ಒಂದು ಗಾಜಿನ ಸೀಸೆಗೆ ಹಾಕಿಕೊಂಡು ಬನ್ನಿ. ಚಾಕುವಿನ ತುದಿ ಬಿಸಿ ಮಾಡಿ ಸೀಳಿಗೆ ತಾಗಿಸಿದರೆ ಬಹುಪಾಲು ಮತ್ತೆ ಕೂಡಿಕೊಳ್ಳುತ್ತವೆ. ಆದರೆ ಹಾಸ್ಟೆಲ್ ರೂಮಿನಲ್ಲಿ ಮಾತ್ರ ಬೇಡ. ಪಿವಿಸಿ ಹೊಗೆ ಗಂಟಲಿಗೂ ಒಳ್ಳೆಯದಲ್ಲ, ವಾರ್ಡನ್ ಮೂಗಿಗೂ ಒಳ್ಳೆಯದಲ್ಲ.